ಬೋನ್ಸಾಯ್ ಸಮ್ಮೇಳನಕ್ಕೆ ಗೆಳೆಯರೊಡನೆ: ಹೊರಡುವ ಮೊದಲಿನಿಂದ ಮರಳಿದ ನಂತರದವರೆಗೆ

ಬೋನ್ಸಾಯ್ ಬೆಳೆಸಲು ತೊಡಗಿ ಎರಡು ಮೂರು ವರ್ಷ ಕಳೆದ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಸಮ್ಮೇಳನಕ್ಕೆ ಸಂಬಂಧಿಸಿದವು. ಯಾವ ಸಮ್ಮೇಳನಕ್ಕೆ ಹೋಗಬೇಕು, ಏನನ್ನು ಜೊತೆಗೆ ಒಯ್ಯಬೇಕು, ತಾವೇ ಬೆಳೆಸಿದ ಮರವನ್ನು ಕೊಂಡೊಯ್ಯಬಹುದೇ, ಅಲ್ಲಿ ಮಾರಾಟಕ್ಕಿರುವ ಮರಗಳನ್ನು ಕೊಳ್ಳುವುದು ಸರಿಯೇ, ಗೆಳೆಯರೆಲ್ಲ ಒಟ್ಟಾಗಿ ಹೊರಟರೆ ಮನೆಯಲ್ಲಿರುವ ಮರಗಳಿಗೆ ನೀರು ಹಾಕುವವರು ಯಾರು ಎಂದು ಕೇಳುತ್ತಾರೆ. ಬಿಡಿಬಿಡಿಯಾಗಿ ಉತ್ತರಿಸುತ್ತ ಹೋಗುವುದಕ್ಕಿಂತ ಎಲ್ಲವನ್ನೂ ಒಂದೆಡೆ ಕ್ರಮವಾಗಿ ಬರೆಯುವುದು ಮೇಲೆಂದು ಈ ಲೇಖನ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ದಶಕಗಳ ಕಾಲ ಪಳಗಿದ ಮರಗಳ ಎದುರು ನಿಂತು, ಬಲ್ಲವರೊಡನೆ ಮಾತನಾಡುತ್ತ, ಅವುಗಳನ್ನು ನಿಧಾನವಾಗಿ ನೋಡುವ ಅವಕಾಶವೇ ಸಮ್ಮೇಳನದ ಅತಿ ದೊಡ್ಡ ಲಾಭ. ಛಾಯಾಚಿತ್ರದಲ್ಲಿ ಮರದ ಆಳ ಕಾಣುವುದಿಲ್ಲ. ನೋಡುಗನತ್ತ ಚಾಚಿದ ಕೊಂಬೆಯೂ ಹಿಂದಕ್ಕೆ ಸರಿದ ಕೊಂಬೆಯೂ ಅಲ್ಲಿ ಒಂದೇ ಸಮತಲದಲ್ಲಿ ಅಂಟಿಕೊಂಡಂತಿರುತ್ತವೆ. ಕೆಳಗಿನ ಸಿದ್ಧತೆಗಳೆಲ್ಲವೂ ಈ ನೋಟಕ್ಕೆ ಬೇಕಾದ ಸಮಯವನ್ನೂ ನೆಮ್ಮದಿಯನ್ನೂ ಉಳಿಸಿಕೊಳ್ಳುವುದಕ್ಕಾಗಿ.

1. ಕಾರ್ಯಕ್ರಮ ಯಾವ ಬಗೆಯದೆಂದು ತಿಳಿದುಕೊಳ್ಳಿ

ಬೋನ್ಸಾಯ್ ಕಾರ್ಯಕ್ರಮಗಳೆಲ್ಲವೂ ಒಂದೇ ಬಗೆಯವಲ್ಲ. ಕೆಲವು ಮುಖ್ಯವಾಗಿ ಪ್ರದರ್ಶನಗಳು. ಆಯ್ದ ಮರಗಳನ್ನು ಪೀಠಗಳ ಮೇಲೆ ಇರಿಸಿರುತ್ತಾರೆ, ನೋಡಿ ಬರುವುದೇ ಅಲ್ಲಿನ ಕೆಲಸ. 1934ರಲ್ಲಿ ಆರಂಭವಾದ, ಟೋಕಿಯೋದ ಉಯೆನೋದಲ್ಲಿ ನಡೆಯುವ ಕೊಕುಫು ಪ್ರದರ್ಶನ ಈ ಬಗೆಯದು. ಸಮ್ಮೇಳನದಲ್ಲಾದರೋ ಪ್ರದರ್ಶನದ ಜೊತೆಗೆ ಪ್ರಾತ್ಯಕ್ಷಿಕೆ, ಕಾರ್ಯಾಗಾರ, ಉಪನ್ಯಾಸ, ಮರಗಳ ವಿಮರ್ಶೆ, ಮಾರಾಟ ಮಳಿಗೆ, ಹರಾಜು ಇವೆಲ್ಲ ಇರುತ್ತವೆ. 1989ರಲ್ಲಿ ಜಪಾನಿನ ಓಮಿಯಾದಲ್ಲಿ ಮೊದಲ ವಿಶ್ವ ಬೋನ್ಸಾಯ್ ಸಮ್ಮೇಳನ ನಡೆಯಿತು. ಆ ಬಳಿಕ ಅದು ಸಾಮಾನ್ಯವಾಗಿ ನಾಲ್ಕು ವರ್ಷಗಳಿಗೊಮ್ಮೆ ಬೇರೆ ಬೇರೆ ದೇಶಗಳಲ್ಲಿ ನಡೆಯುತ್ತ, 2017ರಲ್ಲಿ ಓಮಿಯಾವನ್ನು ಒಳಗೊಂಡ ಸೈತಾಮಾ ನಗರಕ್ಕೇ ಮರಳಿತ್ತು.

ಮೊದಲ ಬಾರಿಗೆ ಹೊರಡುವವರು ಇಂತಹ ಬೃಹತ್ ಸಮ್ಮೇಳನಕ್ಕಿಂತ ಎರಡು ಮೂರು ದಿನಗಳ ಪ್ರಾದೇಶಿಕ ಸಮ್ಮೇಳನವನ್ನು ಆರಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಖಚಿತ ಅಭಿಪ್ರಾಯ. ಜನ ಕಡಿಮೆ ಇರುವಲ್ಲಿ ಕಲಿಸುವವರ ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳಬಹುದು, ಮತ್ತು ನಿಮ್ಮದೇ ಹವಾಮಾನದಲ್ಲಿ ಮರ ಬೆಳೆಸುವವರ ಅನುಭವ ನಿಮಗೆ ನೇರವಾಗಿ ಒದಗುತ್ತದೆ. ಅದಕ್ಕೂ ಮೊದಲು ಒಂದು ಚಿಕ್ಕ ಅಭ್ಯಾಸ ಬೇಕೆನ್ನುವವರು ಮೇ ತಿಂಗಳ ಎರಡನೇ ಶನಿವಾರ ಆಚರಿಸಲಾಗುವ ವಿಶ್ವ ಬೋನ್ಸಾಯ್ ದಿನದ ಸುಮಾರಿಗೆ ಸಂಘಗಳು ಏರ್ಪಡಿಸುವ ಸಣ್ಣ ಪ್ರದರ್ಶನಗಳಿಗೆ ಹೋಗಬಹುದು.

ಕಾರ್ಯಕ್ರಮ ಪಟ್ಟಿಯಲ್ಲಿ ಹತ್ತಿರದ ಬೋನ್ಸಾಯ್ ತೋಟ ಅಥವಾ ಸಂಗ್ರಹಾಲಯದ ಭೇಟಿ ಇದ್ದರೆ ಅದನ್ನು ಕೈಬಿಡಬೇಡಿ. 1923ರ ಭೂಕಂಪದ ನಂತರ ಟೋಕಿಯೋ ತೊರೆದ ಬೆಳೆಗಾರರು 1925ರಲ್ಲಿ ನೆಲೆಗೊಳಿಸಿದ ಓಮಿಯಾದ ಬೋನ್ಸಾಯ್ ಗ್ರಾಮವಾಗಲಿ, 1976ರಲ್ಲಿ ಜಪಾನ್ ಕೊಟ್ಟ 53 ಮರಗಳಿಂದ ಆರಂಭವಾದ ವಾಷಿಂಗ್ಟನ್ನಿನ ಸಂಗ್ರಹಾಲಯವಾಗಲಿ, ಮರಗಳನ್ನು ಅವುಗಳ ನಿತ್ಯದ ಸ್ಥಿತಿಯಲ್ಲಿ ನೋಡಲು ಸಿಗುವ ಸ್ಥಳಗಳು. ಯಾವ ಮರಕ್ಕೆ ಎಷ್ಟು ಬಿಸಿಲು ಕೊಟ್ಟಿದ್ದಾರೆ, ಕಟ್ಟೆಗಳ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ, ನೀರು ಹೇಗೆ ಹಾಕುತ್ತಾರೆ ಎಂಬುದು ಪ್ರದರ್ಶನದ ಪೀಠದ ಮೇಲೆ ಗೊತ್ತಾಗುವುದಿಲ್ಲ.

2. ತಂಡ ಕಟ್ಟುವಾಗಲೇ ಕೆಲಸ ಹಂಚಿಕೊಳ್ಳಿ

ನಾಲ್ಕರಿಂದ ಆರು ಜನರ ತಂಡ ಸಾಕು. ಎಲ್ಲರೂ ಒಂದೇ ಮಟ್ಟದವರಾಗಿರುವುದಕ್ಕಿಂತ ಒಬ್ಬಿಬ್ಬರು ಅನುಭವಿಗಳು, ಉಳಿದವರು ಕಲಿಯುವವರು ಇದ್ದರೆ ಚರ್ಚೆಗೆ ಕಸುವು ಬರುತ್ತದೆ. ಒಂದೇ ಸಮಯಕ್ಕೆ ಎರಡು ಮೂರು ಪ್ರಾತ್ಯಕ್ಷಿಕೆಗಳು ಬೇರೆ ಬೇರೆ ಸಭಾಂಗಣಗಳಲ್ಲಿ ನಡೆಯುವುದು ಸಾಮಾನ್ಯವಾದ್ದರಿಂದ ಯಾರು ಎಲ್ಲಿ ಕುಳಿತುಕೊಳ್ಳಬೇಕು, ಯಾರು ಬರೆದುಕೊಳ್ಳಬೇಕು, ಯಾರು ಚಿತ್ರ ತೆಗೆಯಬೇಕು ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ರಾತ್ರಿ ಒಂದು ಗಂಟೆ ಎಲ್ಲರೂ ಕಲೆತು ಆ ದಿನದ ಟಿಪ್ಪಣಿಗಳನ್ನು ಓದಿ ಹೇಳುವ ನಿಯಮ ಇರಲಿ. ಬರೆದವನಿಗೇ ಅರ್ಥವಾಗದ ಟಿಪ್ಪಣಿಗಳು ಅಂದೇ ರಾತ್ರಿ ಸರಿಹೋಗುತ್ತವೆ.

ಇದಕ್ಕಿಂತ ಮುಖ್ಯವಾದದ್ದು ಪ್ರಶ್ನೆಗಳ ಪಟ್ಟಿ. ಪ್ರತಿಯೊಬ್ಬರೂ ತಮ್ಮ ಎರಡು ಮೂರು ಮರಗಳ ಬಗ್ಗೆ ನಿರ್ದಿಷ್ಟ ಪ್ರಶ್ನೆಗಳನ್ನು ಬರೆದುಕೊಂಡು ಬರಬೇಕು. ‘ಪೈನ್ ಮರವನ್ನು ಹೇಗೆ ಬೆಳೆಸಬೇಕು’ ಎಂದು ಕೇಳಿದರೆ ಯಾರೂ ಐದು ನಿಮಿಷದಲ್ಲಿ ಉತ್ತರಿಸಲಾರರು. ‘ಈ ಪೈನ್ ಮರದ ಕೆಳಗಿನ ಬಲಕೊಂಬೆ ವರ್ಷದಿಂದ ವರ್ಷಕ್ಕೆ ಸೊರಗುತ್ತಿದೆ, ಮೇಲ್ಭಾಗವನ್ನು ತೆಳುಗೊಳಿಸಬೇಕೇ’ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಆ ಮರವನ್ನು ಮುಂದಿನಿಂದ, ಹಿಂದಿನಿಂದ, ಎರಡೂ ಬದಿಗಳಿಂದ, ಮೇಲಿನಿಂದ ಮತ್ತು ಬುಡಕ್ಕೆ ಹತ್ತಿರದಿಂದ, ಬಣ್ಣವಿಲ್ಲದ ಹಿನ್ನೆಲೆಯ ಎದುರು ಚಿತ್ರ ತೆಗೆದಿಟ್ಟುಕೊಳ್ಳಿ. ಕಾಂಡದ ದಪ್ಪ, ಮರದ ಎತ್ತರ, ಕೊನೆಯ ಬಾರಿ ಕುಂಡ ಬದಲಿಸಿದ ತಿಂಗಳು ಇವೂ ಪಕ್ಕದಲ್ಲಿ ಬರೆದಿರಲಿ.

3. ಮನೆಯಲ್ಲಿ ಉಳಿಯುವ ಮರಗಳು

ಹೆಚ್ಚಿನವರು ಕೊನೆಯ ವಾರದವರೆಗೆ ಮರೆತುಬಿಡುವ ವಿಷಯವಿದು. ಬೋನ್ಸಾಯ್ ಬೆಳೆಸುವವರು ಊರಿಗೆ ಹೋಗುವಾಗ ಒಬ್ಬರ ಮರಗಳಿಗೆ ಇನ್ನೊಬ್ಬರು ನೀರು ಹಾಕುವುದು ವಾಡಿಕೆ. ಸಮ್ಮೇಳನಕ್ಕೆ ಎಲ್ಲರೂ ಒಟ್ಟಿಗೆ ಹೊರಟಾಗ ನೀರು ಹಾಕಬಲ್ಲ ಅಷ್ಟೂ ಜನ ಒಂದೇ ಸಲ ಊರು ಬಿಟ್ಟಂತಾಗುತ್ತದೆ. ಬಿಸಿಲಿನ ದಿನಗಳಲ್ಲಿ ಆಳವಿಲ್ಲದ ಕುಂಡದ ಮಣ್ಣು ಒಂದೇ ದಿನದಲ್ಲಿ ಒಣಗುತ್ತದೆ, ಅಂಗೈಯಗಲದ ಕುಂಡಗಳು ಅರ್ಧ ದಿನದಲ್ಲೇ ಒಣಗಿಬಿಡಬಹುದು.

ಸಂಘದ ಒಬ್ಬ ಸದಸ್ಯರು ಊರಿನಲ್ಲೇ ಉಳಿಯಲು ಒಪ್ಪಿದರೆ ಅದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಹಾಗಾಗದಿದ್ದರೆ ನೆರೆಯವರಿಗೋ ಮನೆಯವರಿಗೋ ಹೊರಡುವ ಎರಡು ದಿನ ಮೊದಲೇ ನಿಮ್ಮ ಎದುರಿನಲ್ಲಿ ನೀರು ಹಾಕಿಸಿ ಅಭ್ಯಾಸ ಮಾಡಿಸಿ. ಕುಂಡದ ತಳದ ರಂಧ್ರಗಳಿಂದ ನೀರು ಹರಿದು ಬರುವವರೆಗೆ ಹಾಕಬೇಕೆಂಬುದನ್ನು ಬಾಯಲ್ಲಿ ಹೇಳಿದರೆ ಸಾಲದು, ತೋರಿಸಬೇಕು. ಪ್ರತಿದಿನ ತಪ್ಪದೆ ನೀರು ಬೇಕಾದ ಕುಂಡಗಳಿಗೆ ಕೆಂಪು ದಾರ, ಮೇಲ್ಮಣ್ಣು ಮುಟ್ಟಿ ನೋಡಿ ಹಾಕಬೇಕಾದ ಕುಂಡಗಳಿಗೆ ಬಿಳಿ ದಾರ ಕಟ್ಟಿದರೆ ಹೊಸಬರಿಗೆ ಗೊಂದಲವಾಗುವುದಿಲ್ಲ. ಮರಗಳನ್ನೆಲ್ಲ ಗಾಳಿಯ ಹೊಡೆತವಿಲ್ಲದ, ಬೆಳಗಿನ ಬಿಸಿಲು ಮಾತ್ರ ಬೀಳುವ ಒಂದೇ ಕಡೆಗೆ ಸರಿಸಿ, ತೀರ ಚಿಕ್ಕ ಕುಂಡಗಳನ್ನು ಒದ್ದೆ ಮರಳು ತುಂಬಿದ ತಟ್ಟೆಯ ಮೇಲೆ ಇರಿಸಿ. ಹನಿ ನೀರಾವರಿಯ ಸಾಧನ ಬಳಸುವುದಾದರೆ ಕನಿಷ್ಠ ಒಂದು ವಾರ ಮೊದಲೇ ಅಳವಡಿಸಿ ಪರೀಕ್ಷಿಸಿ, ಏಕೆಂದರೆ ಒಂದು ನಳಿಕೆ ಕಟ್ಟಿಕೊಂಡರೂ ಆ ಮರಕ್ಕೆ ನೀರಿಲ್ಲ.

ಎಚ್ಚರಿಕೆ: ನೀರು ನಿಂತ ತಟ್ಟೆಯಲ್ಲಿ ಕುಂಡಗಳನ್ನು ದಿನಗಟ್ಟಲೆ ಮುಳುಗಿಸಿಟ್ಟು ಹೋಗಬೇಡಿ, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಪೈನ್, ಜುನಿಪರ್‌ಗಳನ್ನು ಕಾಪಾಡುವ ನೆಪದಲ್ಲಿ ಮನೆಯೊಳಗೆ ತಂದಿಡಬೇಡಿ. ಹೊರಡುವ ಹಿಂದಿನ ವಾರಗಳಲ್ಲಿ ಕುಂಡ ಬದಲಿಸುವುದು, ಗೊಬ್ಬರ ಹಾಕುವುದು, ಹೆಚ್ಚು ಸವರುವುದು ಯಾವುದೂ ಬೇಡ.

4. ನೋಂದಣಿ ಮತ್ತು ಕಾರ್ಯಾಗಾರದ ಆಯ್ಕೆ

ಪ್ರಾತ್ಯಕ್ಷಿಕೆಯಲ್ಲಿ ಕಲಾವಿದರು ವೇದಿಕೆಯ ಮೇಲೆ ಮರವೊಂದಕ್ಕೆ ರೂಪ ಕೊಡುವುದನ್ನು ನೂರಾರು ಜನ ಕುಳಿತು ನೋಡುತ್ತಾರೆ. ಕಾರ್ಯಾಗಾರದಲ್ಲಿ ಕೆಲವೇ ಜನ ತಮ್ಮ ಕೈಯಾರೆ ಕೆಲಸ ಮಾಡುತ್ತಾರೆ, ಗುರುಗಳು ಒಬ್ಬೊಬ್ಬರ ಬಳಿಗೂ ಬಂದು ತಿದ್ದುತ್ತಾರೆ. ಕಾರ್ಯಾಗಾರಗಳಲ್ಲಿಯೂ ಮೂರು ಬಗೆಯ ಪ್ರವೇಶವಿರುತ್ತದೆ: ಸಂಘಟಕರೇ ಕೊಡುವ ಗಿಡದ ಮೇಲೆ ಕೆಲಸ ಮಾಡುವುದು, ನಿಮ್ಮದೇ ಮರವನ್ನು ತರುವುದು, ಹಾಗೂ ಮೌನವಾಗಿ ಹಿಂದೆ ಕುಳಿತು ನೋಡುವುದು. ಸ್ಥಳಗಳು ಕಡಿಮೆ ಇರುವುದರಿಂದ ಕಾರ್ಯಾಗಾರದ ನೋಂದಣಿ ಮೊದಲು ತುಂಬುತ್ತದೆ.

ಗುರುಗಳ ಖ್ಯಾತಿ ನೋಡಿ ಆಯ್ಕೆ ಮಾಡಬೇಡಿ. ನೀವು ಬೆಳೆಸುವ ಜಾತಿಯ ಮರಗಳ ಮೇಲೆ ಕೆಲಸ ಮಾಡುವವರನ್ನು ಆರಿಸಿ. ನಿಮ್ಮಲ್ಲಿರುವುದೆಲ್ಲ ಆಲ, ಅತ್ತಿಯ ಬಳಗಕ್ಕೆ ಸೇರಿದ ಫೈಕಸ್ ಮರಗಳಾಗಿದ್ದರೆ ಬಿಳಿ ಪೈನ್ ಕಾರ್ಯಾಗಾರದಲ್ಲಿ ಕಲಿತದ್ದನ್ನು ಮನೆಯಲ್ಲಿ ಮಾಡಿ ನೋಡಲು ಮರವೇ ಇರುವುದಿಲ್ಲ. ತಂಡವಾಗಿ ಹೋಗುವುದರ ಒಂದು ಅನುಕೂಲ ಇಲ್ಲಿದೆ: ಒಬ್ಬರು ಮರದೊಡನೆ ಕುಳಿತುಕೊಂಡರೆ ಉಳಿದವರು ವೀಕ್ಷಕರಾಗಿ ಸೇರಬಹುದು. ಹೊಸಬರಿಗೆ ವೀಕ್ಷಕರ ಸ್ಥಾನವೇ ಹೆಚ್ಚು ಕಲಿಸುತ್ತದೆ, ಏಕೆಂದರೆ ಕೈಯಲ್ಲಿ ಕೊಂಬೆ ಬಾಗಿಸುವ ತಂತಿ ಹಿಡಿದವರಿಗೆ ಪಕ್ಕದ ಮೇಜಿನ ಮರಗಳಿಗೆ ಗುರುಗಳು ಏನು ಹೇಳಿದರೆಂದು ಕೇಳಿಸಿಕೊಳ್ಳಲು ಬಿಡುವಿರುವುದಿಲ್ಲ. ಒಬ್ಬ ಗುರುವಿಗೆ ಎಷ್ಟು ಜನ ಕಲಿಯುವವರು, ತಂತಿ ಅಲ್ಲೇ ಸಿಗುವುದೇ, ಭಾಷಾಂತರಕಾರರು ಇರುವರೇ ಎಂಬುದನ್ನು ಸಂಘಟಕರಿಗೆ ಬರೆದು ಕೇಳಿ. ಒಂದೇ ದಿನ ಎರಡು ಕಾರ್ಯಾಗಾರಗಳಿಗೆ ಹೆಸರು ಕೊಡಬೇಡಿ. ಹಾಗೆ ಮಾಡಿದರೆ ಪ್ರದರ್ಶನ ನೋಡಲು ಸಮಯವೂ ಉಳಿಯುವುದಿಲ್ಲ, ಕಣ್ಣೂ ಉಳಿಯುವುದಿಲ್ಲ.

5. ಒಯ್ಯಬೇಕಾದ ಸಾಮಗ್ರಿ

ಬರೆಯುವ ಪುಸ್ತಕ, ಪೆನ್ಸಿಲ್, ಅಳತೆ ಪಟ್ಟಿ ಮತ್ತು ಕೀಟ ಪರೀಕ್ಷಿಸಲು ಒಂದು ಕೈಮಸೂರ ಎಲ್ಲರ ಬಳಿಯೂ ಇರಲಿ. ಕಾರ್ಯಾಗಾರಕ್ಕೆ ಹೆಸರು ಕೊಟ್ಟವರಿಗೆ ಕತ್ತರಿ, ತಂತಿ ಕತ್ತರಿಸುವ ಇಕ್ಕಳ, ಚಿಮಟ ಮತ್ತು ಕೊಂಬೆಯನ್ನು ಕಾಂಡದ ಮಟ್ಟಕ್ಕಿಂತ ತುಸು ಒಳಕ್ಕೆ ಕಡಿಯುವ, ಗಾಯ ಉಬ್ಬದೆ ಮಾಯಲು ನೆರವಾಗುವ ಕಾನ್‌ಕೇವ್ ಕಟರ್ ಸಾಕು. ತಂತಿಯನ್ನು 1ರಿಂದ 4 ಮಿಲಿಮೀಟರ್‌ವರೆಗಿನ ನಾಲ್ಕೈದು ದಪ್ಪಗಳಲ್ಲಿ ಒಯ್ಯಿರಿ. ಬಾಗಿಸಬೇಕಾದ ಕೊಂಬೆಯ ದಪ್ಪದ ಸುಮಾರು ಮೂರನೆಯ ಒಂದು ಭಾಗದಷ್ಟು ದಪ್ಪದ ತಂತಿ ಬೇಕಾಗುತ್ತದೆ. ಎಲ್ಲರ ಉಪಕರಣಗಳೂ ಒಂದೇ ತೆರನಾಗಿ ಕಾಣುವುದರಿಂದ ಹಿಡಿಗೆ ಬಣ್ಣದ ಪಟ್ಟಿ ಸುತ್ತಿ ಗುರುತು ಮಾಡಿಕೊಳ್ಳಿ. ವಿಮಾನದಲ್ಲಿ ಹೋಗುವವರು ಹರಿತವಾದ ಉಪಕರಣಗಳನ್ನು ಕೈಚೀಲದಲ್ಲಿ ಇರಿಸಿಕೊಂಡರೆ ತಪಾಸಣೆಯಲ್ಲಿ ಕಳೆದುಕೊಳ್ಳುತ್ತಾರೆ; ಅವು ಒಪ್ಪಿಸುವ ಸಾಮಾನಿನಲ್ಲಿರಲಿ.

6. ನಿಮ್ಮ ಮರವನ್ನು ಒಯ್ಯುವುದಾದರೆ

ವಿಮರ್ಶೆಗೋ ಕಾರ್ಯಾಗಾರಕ್ಕೋ ಒಯ್ಯುವ ಮರ ಸುಂದರವಾಗಿರಲೇಬೇಕೆಂದಿಲ್ಲ, ಆರೋಗ್ಯವಾಗಿರಲೇಬೇಕು. ಸೊರಗಿದ ಮರಕ್ಕೆ ಪ್ರಯಾಣದ ಆಯಾಸ ಸೇರಿ, ಅದರ ಮೇಲೆ ಸವರುವ, ತಂತಿ ಸುತ್ತುವ ಕೆಲಸವೂ ಬಿದ್ದರೆ ಅದು ಉಳಿಯುವುದು ಕಷ್ಟ. ಎಲೆಯ ಅಡಿಭಾಗವನ್ನು ಮಸೂರದಿಂದ ನೋಡಿ; ನುಸಿ, ಶಲ್ಕ ಕೀಟ, ಹಿಟ್ಟು ತಿಗಣೆ ಕಂಡರೆ ಆ ಮರವನ್ನು ಮನೆಯಲ್ಲೇ ಬಿಡಿ. ನೂರಾರು ಮರಗಳು ಅಕ್ಕಪಕ್ಕ ನಿಲ್ಲುವ ಜಾಗಕ್ಕೆ ಕೀಟವನ್ನು ಹೊತ್ತೊಯ್ಯುವುದು ಇತರರಿಗೆ ಮಾಡುವ ಅನ್ಯಾಯ.

ಮರವನ್ನು ಕುಂಡಕ್ಕೆ ತಂತಿಯಿಂದ ಬಿಗಿಯಾಗಿ ಕಟ್ಟಿದೆಯೇ ನೋಡಿ, ಮೇಲ್ಮಣ್ಣಿನ ಮೇಲೆ ಒದ್ದೆ ಹಾವಸೆಯನ್ನೋ ಬಟ್ಟೆಯನ್ನೋ ಹೊದಿಸಿ ದಾರ ಸುತ್ತಿ, ಕುಂಡವನ್ನು ಅದಕ್ಕೆ ಸರಿಹೊಂದುವ ಪೆಟ್ಟಿಗೆಯಲ್ಲಿಟ್ಟು ಸುತ್ತಲೂ ಸ್ಪಂಜು ತುಂಬಿ. ವಾಹನದಲ್ಲಿ ಆಸನಕ್ಕಿಂತ ಕೆಳಗಿನ ನೆಲವೇ ಸುರಕ್ಷಿತ. ಕೊಂಬೆಯ ತುದಿಗಳು ಏನಕ್ಕೂ ತಗುಲಬಾರದು. ಬಿಸಿಲಿನಲ್ಲಿ ನಿಲ್ಲಿಸಿದ, ಕಿಟಕಿ ಮುಚ್ಚಿದ ವಾಹನದೊಳಗೆ ಮರವನ್ನು ಅರ್ಧ ಗಂಟೆಯೂ ಬಿಡಬೇಡಿ. ಊಟಕ್ಕೆ ಇಳಿದಾಗ ಸರದಿಯ ಮೇಲೆ ಒಬ್ಬರು ಮರಗಳ ಬಳಿ ಇರಲಿ.

ಪ್ರದರ್ಶನಕ್ಕೆ ಇಡುವುದಾದರೆ ವಿಷಯ ಬೇರೆ. ಚಿತ್ರ ಕಳುಹಿಸಿ ಆಯ್ಕೆಯಾಗಬೇಕು, ಕಾಂಡವನ್ನು ಮೃದುವಾದ ಕುಂಚದಿಂದ ಸ್ವಚ್ಛಗೊಳಿಸಬೇಕು, ಕಳೆ ತೆಗೆಯಬೇಕು, ಮಣ್ಣಿನ ಮೇಲೆ ಹಾವಸೆ ಹಾಸಬೇಕು, ಮರಕ್ಕೆ ಒಪ್ಪುವ ಪೀಠ ಹೊಂದಿಸಬೇಕು. ತಂತಿ ಸುತ್ತಿದ ಮರಕ್ಕೆ ಅನುಮತಿ ಇದೆಯೇ ಎಂಬುದು ಪ್ರದರ್ಶನದಿಂದ ಪ್ರದರ್ಶನಕ್ಕೆ ಬದಲಾಗುತ್ತದೆ. ಒಮ್ಮೆ ಇಟ್ಟ ಮರವನ್ನು ಮುಕ್ತಾಯದ ವೇಳೆಗೆ ಮೊದಲು ಹಿಂದಕ್ಕೆ ಕೊಡುವುದಿಲ್ಲವಾದ್ದರಿಂದ ಮರಳುವ ಪ್ರಯಾಣದ ಸಮಯವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.

7. ಪ್ರದರ್ಶನವನ್ನು ನೋಡುವ ಬಗೆ

ಮೊದಲ ದಿನ ಬೆಳಿಗ್ಗೆ, ಬಾಗಿಲು ತೆರೆದ ಕೂಡಲೇ, ಮಾರಾಟ ಮಳಿಗೆಗಳನ್ನು ದಾಟಿ ನೇರವಾಗಿ ಪ್ರದರ್ಶನಕ್ಕೆ ಹೋಗಿ. ಜನಸಂದಣಿ ಕಡಿಮೆ, ಕಣ್ಣು ತಾಜಾ. ಬೆನ್ನಿನ ಚೀಲವನ್ನು ಕಳಚಿ ಮುಂದಕ್ಕೆ ಹಿಡಿದುಕೊಳ್ಳಿ. ಹಿಂದೆ ತಿರುಗುವಾಗ ಚೀಲ ತಗುಲಿ ಮುರಿಯುವ ಒಂದು ಕೊಂಬೆ ಮೂವತ್ತು ವರ್ಷದ್ದಾಗಿರಬಹುದು. ಮರ, ಕುಂಡ, ಪೀಠ, ಹಾವಸೆ ಯಾವುದನ್ನೂ ಮುಟ್ಟಬಾರದು. ಚಿತ್ರ ತೆಗೆಯುವ ನಿಯಮವನ್ನು ಬಾಗಿಲಲ್ಲೇ ಓದಿಕೊಳ್ಳಿ. ಗೆಳೆಯರೊಡನೆ ಮರದ ದೋಷವನ್ನು ಚರ್ಚಿಸುವಾಗ ದನಿ ತಗ್ಗಿಸಿ, ಏಕೆಂದರೆ ಅದನ್ನು ಬೆಳೆಸಿದವರು ಪಕ್ಕದಲ್ಲೇ ನಿಂತಿರಬಹುದು.

ಮೊದಲು ಸಭಾಂಗಣವನ್ನು ಒಂದು ಸುತ್ತು ಬನ್ನಿ, ಎಲ್ಲಿಯೂ ನಿಲ್ಲಬೇಡಿ. ಎರಡನೆಯ ಸುತ್ತಿನಲ್ಲಿ ನಿಮ್ಮನ್ನು ಸೆಳೆದ ಐದಾರು ಮರಗಳ ಬಳಿಗೆ ಮಾತ್ರ ಹೋಗಿ, ಪ್ರತಿಯೊಂದರ ಎದುರು ಹತ್ತು ನಿಮಿಷ ನಿಲ್ಲಿ. ಎರಡು ಮೂರು ಮೀಟರ್ ದೂರದಿಂದ ಇಡೀ ಆಕಾರವನ್ನು ನೋಡಿ, ನಂತರ ಹತ್ತಿರ ಬಂದು ನಿಮ್ಮ ಕಣ್ಣು ಕಾಂಡದ ನಡುಮಟ್ಟಕ್ಕೆ ಬರುವಷ್ಟು ಬಗ್ಗಿ. ಮೇಲಿನಿಂದ ನೋಡಿದರೆ ಮರ ಕುಂಡದ ಗಿಡವಾಗಿಯೇ ಉಳಿಯುತ್ತದೆ. ಕಣ್ಣಿನ ಮಟ್ಟದಲ್ಲಿ ನೋಡಿದಾಗ ಅದು ಬಯಲಿನಲ್ಲಿ ನಿಂತ ಹೆಮ್ಮರವಾಗುತ್ತದೆ. ನೋಟ ಬುಡದಿಂದ ಆರಂಭವಾಗಲಿ. ಮಣ್ಣಿನ ಮೇಲೆ ಕಾಣುವ ಬೇರುಗಳ ಹರಹನ್ನು ನೆಬಾರಿ ಎನ್ನುತ್ತಾರೆ. ಅದು ಎಲ್ಲ ದಿಕ್ಕುಗಳಿಗೂ ಹರಡಿದೆಯೇ, ಕಾಂಡ ಅದರಿಂದ ಸಹಜವಾಗಿ ಮೇಲೇರುತ್ತದೆಯೇ ನೋಡಿ. ಬಳಿಕ ಕಾಂಡ ಮೇಲಕ್ಕೆ ಹೋದಂತೆ ಎಷ್ಟು ತೆಳುವಾಗುತ್ತದೆ, ಮೊದಲ ಕೊಂಬೆ ಯಾವ ಎತ್ತರದಲ್ಲಿದೆ, ಹಿಂಬದಿಯ ಕೊಂಬೆ ಎಲ್ಲಿಂದ ಹೊರಟು ಆಳ ಕೊಡುತ್ತದೆ, ಎಲೆಗೊಂಚಲುಗಳ ನಡುವೆ ಖಾಲಿ ಜಾಗ ಎಷ್ಟು ಬಿಟ್ಟಿದ್ದಾರೆ ಎಂದು ಒಂದೊಂದಾಗಿ ಗಮನಿಸಿ. ಚಿತ್ರ ತೆಗೆಯಲು ಅನುಮತಿ ಇದ್ದರೂ ಕನಿಷ್ಠ ಒಂದು ಮರವನ್ನು ಪೆನ್ಸಿಲ್‌ನಿಂದ ಬರೆಯಿರಿ. ಚಿತ್ರ ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ. ಕೊಂಬೆಯ ದಿಕ್ಕನ್ನು ಕೈಯಿಂದ ಎಳೆಯುವಾಗ ಕಣ್ಣು ತಪ್ಪಿಸಿಕೊಂಡದ್ದು ಗೊತ್ತಾಗುತ್ತದೆ.

ಫಲಕಗಳಲ್ಲಿ ಕೆಲವು ಜಪಾನೀ ಪದಗಳು ಎದುರಾಗುತ್ತವೆ. ಸುಮಾರು 20 ಸೆಂಟಿಮೀಟರ್‌ ಎತ್ತರದೊಳಗಿನ ಮರಗಳು ಶೋಹಿನ್. ನೆಟ್ಟಗೆ ನಿಂತ ಕಾಂಡದ ಶೈಲಿ ಚೊಕ್ಕಾನ್, ಬಾಗು ಬಳುಕುಗಳೊಡನೆ ಮೇಲೇರುವುದು ಮೊಯೋಗಿ, ಕುಂಡದ ಅಂಚನ್ನು ದಾಟಿ ಕೆಳಕ್ಕೆ ಇಳಿಯುವುದು ಕೆಂಗಾಯ್. ತೊಗಟೆ ಸುಲಿದು ಬಿಳುಪಾಗಿಸಿದ ಒಣಕೊಂಬೆ ಜಿನ್, ಕಾಂಡದ ಮೇಲಿನ ಅಂತಹ ಭಾಗ ಶಾರಿ. ಮರದ ಪಕ್ಕದಲ್ಲಿ ಇರಿಸುವ ಚಿಕ್ಕ ಹುಲ್ಲು ಅಥವಾ ಹೂಗಿಡ ಅಲಂಕಾರಕ್ಕೆ ಮಾತ್ರ ಇರುವುದಲ್ಲ. ಅದು ಋತುವನ್ನೂ ಮರ ಬೆಳೆಯುವ ನೆಲೆಯನ್ನೂ ಸೂಚಿಸುತ್ತದೆ.

ಹಲವು ಮರಗಳನ್ನು ಒಂದೇ ತಟ್ಟೆಯಲ್ಲಿ ನೆಟ್ಟ ಕಾಡಿನ ಶೈಲಿ ಕಂಡರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಿ. ಅಮೆರಿಕದ ಬೋನ್ಸಾಯ್ ಕಲಾವಿದ ಜಾನ್ ನಾಕಾ 1948ರಲ್ಲಿ ಆರಂಭಿಸಿ ಮುಂದೆ ಹನ್ನೊಂದು ಮರಗಳಿಗೆ ಬೆಳೆಸಿದ, ಈಗ ವಾಷಿಂಗ್ಟನ್ನಿನ ಸಂಗ್ರಹಾಲಯದಲ್ಲಿರುವ ‘ಗೋಶಿನ್’ ಎಂಬ ಜುನಿಪರ್ ಕಾಡು ಈ ಶೈಲಿಯ ಅತ್ಯಂತ ಹೆಸರಾದ ಕೃತಿ. ದಪ್ಪ ಮತ್ತು ಎತ್ತರದ ಮರ ಎಲ್ಲಿದೆ, ತೆಳು ಮರಗಳನ್ನು ಹಿಂದಕ್ಕೂ ಅಂಚಿಗೂ ಸರಿಸಿ ದೂರದ ಭ್ರಮೆಯನ್ನು ಹೇಗೆ ಹುಟ್ಟಿಸಿದ್ದಾರೆ, ಯಾವ ಎರಡು ಕಾಂಡಗಳೂ ಒಂದನ್ನೊಂದು ಮುಚ್ಚದಂತೆ ಹೇಗೆ ನೆಟ್ಟಿದ್ದಾರೆ ಎಂಬುದು ಎದುರು ನಿಂತು ಅತ್ತಿತ್ತ ಸರಿದಾಗ ಮಾತ್ರ ತಿಳಿಯುತ್ತದೆ. ತಂಡದವರು ಒಂದೇ ಮರವನ್ನು ಪ್ರತ್ಯೇಕವಾಗಿ ನೋಡಿ ಬರೆದುಕೊಂಡು, ನಂತರ ಒಟ್ಟಿಗೆ ಅದರ ಬಳಿಗೆ ಹೋಗಿ ಹೋಲಿಸಿ ನೋಡುವುದು ನಾನು ಬಲ್ಲ ಅತ್ಯುತ್ತಮ ಅಭ್ಯಾಸ.

8. ಪ್ರಾತ್ಯಕ್ಷಿಕೆಯಿಂದ ಏನನ್ನು ಕಲಿಯಬೇಕು, ಏನನ್ನು ಅನುಕರಿಸಬಾರದು

ವೇದಿಕೆಯ ಮೇಲೆ ಕಲಾವಿದರು ಎರಡು ಮೂರು ಗಂಟೆಗಳಲ್ಲಿ ಒರಟು ಗಿಡವೊಂದನ್ನು ಸವರಿ, ಒದ್ದೆ ರಾಫಿಯಾ ನಾರು ಸುತ್ತಿ ದಪ್ಪ ಕೊಂಬೆಗಳನ್ನು ಬಗ್ಗಿಸಿ, ಜಿನ್ ಮಾಡಿ, ಕೊನೆಯ ರೆಂಬೆಯವರೆಗೆ ತಂತಿ ಸುತ್ತಿ ಮುಗಿಸುತ್ತಾರೆ. ಸಭಿಕರಿಗೆ ಆರಂಭವನ್ನೂ ಮುಕ್ತಾಯವನ್ನೂ ತೋರಿಸಬೇಕಾದ ಕಾರಣ, ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ ಬಿಡುವು ಕೊಟ್ಟು ಮಾಡಬೇಕಾದ ಕೆಲಸವನ್ನು ಅಲ್ಲಿ ಒಂದೇ ಕೂರಿಕೆಯಲ್ಲಿ ಮಾಡುತ್ತಾರೆ. ಮನೆಗೆ ಬಂದು ಅದೇ ವೇಗದಲ್ಲಿ ಮಾಡಲು ಹೊರಟು ಮರ ಕಳೆದುಕೊಂಡವರು ಬಹಳ. ಒಂದು ಋತುವಿನಲ್ಲಿ ಒಂದೇ ದೊಡ್ಡ ಕೆಲಸ ಎಂಬುದು ಹೊಸಬರಿಗೆ ಸುರಕ್ಷಿತ ಮಿತಿ. ಬೇರು ಕತ್ತರಿಸಿದ ಋತುವಿನಲ್ಲಿ ಕೊಂಬೆಗಳನ್ನು ಬಲವಾಗಿ ಬಗ್ಗಿಸಬಾರದು.

ಹಾಗಾದರೆ ನೋಡಬೇಕಾದದ್ದು ಏನು? ಕಲಾವಿದರು ಕತ್ತರಿ ಎತ್ತುವ ಮೊದಲು ಮರವನ್ನು ಎಷ್ಟು ಹೊತ್ತು ತಿರುಗಿಸಿ ನೋಡುತ್ತಾರೆ, ಮುಂಬದಿಯನ್ನು ಯಾವ ಕಾರಣಕ್ಕೆ ಆರಿಸುತ್ತಾರೆ, ಯಾವ ಕೊಂಬೆಯನ್ನು ಮೊದಲು ಕತ್ತರಿಸುತ್ತಾರೆ, ಯಾವುದನ್ನು ಸದ್ಯಕ್ಕೆ ಉಳಿಸುತ್ತಾರೆ ಎಂಬ ನಿರ್ಧಾರಗಳನ್ನು ಬರೆದುಕೊಳ್ಳಿ. ತಂತಿಯನ್ನು ಸುಮಾರು 45 ಡಿಗ್ರಿ ಓರೆಯಲ್ಲಿ ಸುತ್ತುವ ಕೈಯ ಚಲನೆಯನ್ನು ಹತ್ತಿರದಿಂದ ನೋಡಿ; ಒಂದು ಕೈ ಹಿಡಿದ ಜಾಗದಿಂದ ಇನ್ನೊಂದು ಕೈ ಮುಂದಕ್ಕೆ ಸಾಗುತ್ತದೆ, ಕೊಂಬೆ ಅಲುಗುವುದಿಲ್ಲ.

ದೂರದ ದೇಶದಿಂದ ಬಂದ ಗುರುಗಳ ಮಾತಿನಲ್ಲಿ ತಿಂಗಳ ಹೆಸರು ಬಂದಾಗ ಎಚ್ಚರವಾಗಿರಿ. ಅವರು ಹೇಳುವುದು ಅವರ ಹವಾಮಾನದ ತಿಂಗಳು. ಟಿಪ್ಪಣಿಯಲ್ಲಿ ‘ಜೂನ್’ ಎಂದು ಬರೆಯುವ ಬದಲು ‘ಹೊಸ ಚಿಗುರಿನ ಸೂಜಿಯೆಲೆಗಳು ಬಿಚ್ಚಿಕೊಂಡು ಬಲಿಯುವ ಹಂತ’ ಎಂಬಂತೆ ಮರದ ಸ್ಥಿತಿಯನ್ನು ಬರೆಯಿರಿ, ಗೊತ್ತಾಗದಿದ್ದರೆ ಕೇಳಿ. ಜಾತಿಯ ಹೆಸರನ್ನೂ ಪೂರ್ತಿಯಾಗಿ ಬರೆಯಿರಿ. ಕ್ಯಾಂಡಲ್ ಎಂದು ಕರೆಯುವ ಪೈನ್‌ನ ನೀಳವಾದ ವಸಂತದ ಚಿಗುರನ್ನು ಪೂರ್ತಿ ಕತ್ತರಿಸಿ ಅದೇ ವರ್ಷ ಎರಡನೆಯ, ಚಿಕ್ಕ ಸೂಜಿಗಳ ಚಿಗುರನ್ನು ಪಡೆಯುವ ಕ್ರಮ ಜಪಾನೀ ಕಪ್ಪು ಪೈನ್ ಮತ್ತು ಕೆಂಪು ಪೈನ್‌ಗಳಿಗೆ ಸಲ್ಲುತ್ತದೆ. ವರ್ಷಕ್ಕೆ ಒಮ್ಮೆ ಮಾತ್ರ ಚಿಗುರುವ ಬಿಳಿ ಪೈನ್‌ಗೆ ಅದನ್ನೇ ಮಾಡಿದರೆ ಮರ ದುರ್ಬಲವಾಗುತ್ತದೆ, ಕೊಂಬೆಗಳು ಸಾಯಬಹುದು. ಟಿಪ್ಪಣಿಯಲ್ಲಿ ‘ಪೈನ್’ ಎಂದಷ್ಟೇ ಬರೆದಿದ್ದರೆ ಈ ಎರಡರ ವ್ಯತ್ಯಾಸ ಅಳಿಸಿಹೋಗುತ್ತದೆ.

ವಿಮರ್ಶೆಯಲ್ಲಿ ನಿಮ್ಮ ಮರದ ಸರದಿ ಬಂದಾಗ ಅದರ ಇತಿಹಾಸವನ್ನು ಎರಡು ವಾಕ್ಯಗಳಲ್ಲಿ ಹೇಳಿ, ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಇಡಿ. ಭಾಷಾಂತರಕಾರರ ಮೂಲಕ ಕೇಳುವಾಗ ಇದು ಇನ್ನೂ ಅಗತ್ಯ. ದೋಷ ತೋರಿಸಿದರೆ ಸಮರ್ಥನೆಗೆ ಇಳಿಯಬೇಡಿ. ಆ ಹೊತ್ತಿಗೆ ಬರೆದುಕೊಳ್ಳುವ ಕೆಲಸವನ್ನು ಗೆಳೆಯರಿಗೆ ವಹಿಸಿ, ಏಕೆಂದರೆ ತನ್ನ ಮರದ ಬಗ್ಗೆ ಹೇಳಿದ್ದನ್ನು ಯಾರೂ ಪೂರ್ತಿಯಾಗಿ ಕೇಳಿಸಿಕೊಳ್ಳುವುದಿಲ್ಲ.

9. ಮಾರಾಟ ಮಳಿಗೆ ಮತ್ತು ಹರಾಜು

ಮೊದಲ ದಿನ ನೋಡಿ, ಎರಡನೆಯ ದಿನ ಕೊಳ್ಳಿ. ಕುಂಡ ಕೊಳ್ಳುವ ಉದ್ದೇಶವಿದ್ದರೆ ಮನೆಯಿಂದಲೇ ಮರದ ಅಳತೆ ಬರೆದು ತನ್ನಿ. ಕುಂಡದ ಉದ್ದ ಮರದ ಎತ್ತರದ ಸುಮಾರು ಮೂರನೆಯ ಎರಡು ಭಾಗ, ಆಳ ಬುಡದ ಕಾಂಡದ ದಪ್ಪದಷ್ಟು ಎಂಬುದು ರೂಢಿಯ ಲೆಕ್ಕ. ಕಾಡಿನ ಶೈಲಿಗೂ ಕೆಂಗಾಯ್ ಶೈಲಿಗೂ ಅದು ಅನ್ವಯಿಸುವುದಿಲ್ಲ. ಪೈನ್, ಜುನಿಪರ್‌ಗಳಿಗೆ ಮೆರುಗಿಲ್ಲದ ಕಂದು ಕುಂಡ, ಎಲೆ ಉದುರಿಸುವ ಮತ್ತು ಹೂ ಬಿಡುವ ಮರಗಳಿಗೆ ಮೆರುಗಿನ ಕುಂಡ ಒಪ್ಪುತ್ತದೆ. ನೀರು ಹರಿಯುವ ರಂಧ್ರಗಳ ಜೊತೆಗೆ ಮರ ಕಟ್ಟಲು ತಂತಿ ತೂರಿಸುವ ಚಿಕ್ಕ ರಂಧ್ರಗಳಿವೆಯೇ ನೋಡಿ. ಬೆರಳಿನಿಂದ ತಟ್ಟಿದಾಗ ದನಿ ಒಡಕಾಗಿದ್ದರೆ ಬಿರುಕಿರಬಹುದು.

ಮರ ಕೊಳ್ಳುವಾಗ ಎಲೆಯ ಸೊಬಗನ್ನು ಕೊನೆಗೆ ನೋಡಿ. ಕೊಂಬೆಗಳನ್ನು ಕೆಲವು ವರ್ಷಗಳಲ್ಲಿ ಹೊಸದಾಗಿ ಬೆಳೆಸಬಹುದು. ಬುಡ ಮತ್ತು ಕಾಂಡವನ್ನು ತಿದ್ದುವುದು ಬಹಳ ಕಷ್ಟ. ಕಸಿಯ ಜಾಗ ಉಬ್ಬಿದೆಯೇ, ಹಳೆಯ ತಂತಿ ಕಚ್ಚಿದ ಸುರುಳಿ ಗುರುತುಗಳಿವೆಯೇ, ಮರ ಕುಂಡದಲ್ಲಿ ಅಲುಗಾಡುತ್ತದೆಯೇ ಎಂದು ಮಾರುವವರ ಅನುಮತಿ ಪಡೆದು ಪರೀಕ್ಷಿಸಿ. ಅಲುಗಾಡುವ ಮರವನ್ನು ಇತ್ತೀಚೆಗಷ್ಟೇ ನೆಟ್ಟಿರುತ್ತಾರೆ ಅಥವಾ ಅದಕ್ಕೆ ಬೇರು ಸಾಲದು. ಜುನಿಪರ್ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು: ಬೇರು ಸತ್ತ ನಂತರವೂ ಅದರ ಎಲೆ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ತುದಿಗಳಲ್ಲಿ ತಿಳಿಹಸಿರು ಹೊಸ ಚಿಗುರು ಕಂಡರೆ ಮಾತ್ರ ನಂಬಿ. ಎಲ್ಲಿ ಬೆಳೆಸಿದ್ದು, ಕೊನೆಯ ಬಾರಿ ಕುಂಡ ಬದಲಿಸಿದ್ದು ಯಾವಾಗ, ಮಣ್ಣಿನ ಮಿಶ್ರಣ ಯಾವುದು ಎಂಬ ಪ್ರಶ್ನೆಗಳಿಗೆ ಮಾರುವವರ ಬಳಿ ಉತ್ತರವಿಲ್ಲದಿದ್ದರೆ ಆ ಮರವನ್ನು ಬಿಟ್ಟುಬಿಡಿ.

ಹರಾಜಿನಲ್ಲಿ ಕೂಗು ಆರಂಭವಾಗುವ ಮೊದಲೇ ಮರವನ್ನು ನೋಡಿ, ನಿಮ್ಮ ಮಿತಿಯನ್ನು ಕಾಗದದ ಮೇಲೆ ಬರೆದು ಪಕ್ಕದ ಗೆಳೆಯರ ಕೈಗೆ ಕೊಡಿ. ಪ್ರಾತ್ಯಕ್ಷಿಕೆಯ ಮರಗಳೂ ಅಲ್ಲಿಗೇ ಬರುತ್ತವೆ. ಅವು ತೀವ್ರವಾದ ಆಘಾತದಿಂದ ಈಗಷ್ಟೇ ಹೊರಬಂದ ಮರಗಳೆಂಬುದನ್ನು ನೆನಪಿಟ್ಟುಕೊಂಡು, ಆರೈಕೆಯ ಅನುಭವ ಇರುವವರು ಮಾತ್ರ ಕೊಳ್ಳಬೇಕು.

10. ಗಡಿ ದಾಟಿ ಬಂದವರಿಗೆ

ಬೇರೆ ದೇಶದ ಸಮ್ಮೇಳನದಿಂದ ಮರ ತರುವ ಆಸೆಯನ್ನು ಬಹುಮಟ್ಟಿಗೆ ಬಿಟ್ಟುಬಿಡಿ ಎಂದೇ ನನ್ನ ಸಲಹೆ. ನಿಮ್ಮ ದೇಶದ ಆಮದು ಪರವಾನಗಿ, ಆ ದೇಶದ ಸಸ್ಯ ಸಂರಕ್ಷಣಾ ಇಲಾಖೆ ಕೊಡುವ ಸಸ್ಯ ಆರೋಗ್ಯ ಪ್ರಮಾಣಪತ್ರ, ಕೆಲವು ಜಾತಿಗಳಿಗೆ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅನುಮತಿ ಇವೆಲ್ಲ ಬೇಕಾಗಬಹುದು. ಬಹುತೇಕ ದೇಶಗಳು ಮಣ್ಣನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಬೇರನ್ನು ತೊಳೆದು ಬರಿದಾಗಿಸಬೇಕು. ಅಕಾಲದಲ್ಲಿ ಹಾಗೆ ಮಾಡಿದ ಪೈನ್, ಜುನಿಪರ್‌ಗಳು ಬದುಕುವುದು ಅಪರೂಪ. ಬೀಜ, ಕಡ್ಡಿಗಳನ್ನು ಬಚ್ಚಿಟ್ಟು ತರುವುದು ಅಪರಾಧವೂ ಹೌದು, ಹೊಸ ರೋಗಗಳಿಗೆ ದಾರಿಯೂ ಹೌದು. ಹೊಸ ಕುಂಡ, ಉಪಕರಣ, ಪೀಠಗಳು ತೊಡಕಿಲ್ಲದೆ ಬರುತ್ತವೆ. ಬಳಸಿದ ಕುಂಡವಾದರೆ ಮಣ್ಣಿನ ಕಣವೂ ಉಳಿಯದಂತೆ ತೊಳೆದಿರಲಿ.

11. ಮರಳಿದ ನಂತರ

ಮೊದಲು ಮನೆಯ ಮರಗಳಿಗೆ ನೀರು ಹಾಕಿ, ಒಂದೊಂದನ್ನೂ ನೋಡಿ. ಹೊಸದಾಗಿ ತಂದ ಮರವನ್ನು ಮೂರು ನಾಲ್ಕು ವಾರ ಉಳಿದವುಗಳಿಂದ ದೂರವಿಡಿ, ಎಲೆಯಡಿಯನ್ನು ವಾರಕ್ಕೊಮ್ಮೆ ಮಸೂರದಿಂದ ಪರೀಕ್ಷಿಸಿ. ಸಮ್ಮೇಳನದಲ್ಲಿ ಬಳಸಿದ ಕತ್ತರಿಗಳನ್ನು ಮನೆಯ ಮರಗಳಿಗೆ ತಾಗಿಸುವ ಮೊದಲು 70 ಪ್ರತಿಶತದ ಆಲ್ಕೋಹಾಲ್‌ನಿಂದ ಒರೆಸಿ.

ಟಿಪ್ಪಣಿಗಳನ್ನು ಒಂದು ವಾರದೊಳಗೆ ಶುದ್ಧ ಪ್ರತಿಯಾಗಿ ಬರೆಯಿರಿ, ತಂಡದವರೆಲ್ಲ ಸೇರಿ ಒಂದು ಸಂಜೆ ಅವುಗಳನ್ನು ಹೋಲಿಸಿ, ನಿಮ್ಮ ಹವಾಮಾನಕ್ಕೆ ಹೊಂದುವ ಕೆಲಸಗಳ ಪಟ್ಟಿಯೊಂದನ್ನು ಮಾಡಿ. ಕೂಡಲೇ ಎಲ್ಲ ಮರಗಳ ಮೇಲೂ ಹೊಸ ವಿದ್ಯೆ ಪ್ರಯೋಗಿಸುವ ತವಕ ಬರುತ್ತದೆ. ಒಂದು ಮರ, ಒಂದು ವಿಧಾನ ಎಂದು ಆರಿಸಿಕೊಂಡು, ಅದರ ಫಲ ನೋಡಿ ಮುಂದುವರಿಯಿರಿ.

ಕಾರ್ಯಾಗಾರದಲ್ಲಿ ರೂಪ ಕೊಟ್ಟ ಅಥವಾ ಹರಾಜಿನಲ್ಲಿ ಕೊಂಡ ಮರವನ್ನು ಗಾಳಿಯ ಹೊಡೆತವಿಲ್ಲದ ಅರೆನೆರಳಿನಲ್ಲಿಡಿ. ಹೊಸ ಚಿಗುರು ಬಲವಾಗಿ ಕಾಣುವವರೆಗೆ ಗೊಬ್ಬರ ಬೇಡ. ಕುಂಡ ಬದಲಿಸುವ ಕೆಲಸವನ್ನು ಮುಂದಿನ ವರ್ಷದ ಸರಿಯಾದ ಋತುವಿಗೆ ಬಿಡಿ. ಕೊಂಬೆಗಳನ್ನು ಕಡಿದ ಮೇಲೆ ಎಲೆ ಕಡಿಮೆಯಾಗಿ ಮರ ಹೀರುವ ನೀರೂ ಕಡಿಮೆಯಾಗುತ್ತದೆ, ಹಾಗಾಗಿ ಮೇಲ್ಮಣ್ಣು ಮುಟ್ಟಿ ನೋಡಿಯೇ ನೀರು ಹಾಕಿ. ಬೆಳವಣಿಗೆಯ ಋತುವಿನಲ್ಲಿ ತಂತಿಯನ್ನು ವಾರಕ್ಕೊಮ್ಮೆ ಪರೀಕ್ಷಿಸಿ; ತೊಗಟೆಗೆ ಕಚ್ಚತೊಡಗುವ ಸೂಚನೆ ಕಂಡ ಕೂಡಲೇ, ಕೊಂಬೆ ಇನ್ನೂ ಪೂರ್ತಿ ನಿಂತಿಲ್ಲವೆನಿಸಿದರೂ, ತಂತಿಯನ್ನು ತೆಗೆಯಿರಿ. ಬಿಚ್ಚಲು ಹೋದರೆ ಕೊಂಬೆ ಮುರಿಯಬಹುದು, ಆದ್ದರಿಂದ ಸುತ್ತು ಸುತ್ತಿಗೂ ಇಕ್ಕಳದಿಂದ ಕತ್ತರಿಸಿ ತುಂಡುಗಳಾಗಿ ತೆಗೆದು, ಬೇಕಾದರೆ ಕೆಲವು ವಾರಗಳ ನಂತರ ಹೊಸ ತಂತಿಯನ್ನು ಬೇರೆ ಜಾಗದಲ್ಲಿ ಸುತ್ತಿ.